ಡೀಸೆಲ್ ವಾನಪ್ರಸ್ಥ

ಮಕ್ಕಳು ದಡ ಸೇರಿದ ಮೇಲೆ ಗಂಡ ಹೆಂಡತಿ ಕಾಡಿಗೆ ಹೋಗಬೇಕೆಂದು ನಮ್ಮ ಹಿರಿಯರು ಹೇಳಿಟ್ಟರು. ನಾವು ಹೋಗಲಿಲ್ಲ, ಮೊಮ್ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸುತ್ತಾ ಊರಲ್ಲೇ ಉಳಿದೆವು. ಆ ಮಾತನ್ನು ಚಾಚೂ ತಪ್ಪದೆ ನಡೆಸುತ್ತಿರುವವರು ಆಸ್ಟ್ರೇಲಿಯಾದವರು. ನಿವೃತ್ತಿಯಾದದ್ದೇ ತಡ, ಮನೆಗೆ ಬೀಗ ಜಡಿದು, ಲ್ಯಾಂಡ್ ಕ್ರೂಸರಿನ ಬಾಲಕ್ಕೆ ಎರಡೂವರೆ ಟನ್ನಿನ ಕ್ಯಾರವಾನ್ ಕಟ್ಟಿಕೊಂಡು ಹೊರಟುಬಿಡುತ್ತಾರೆ. ಅಲ್ಲಿ ಇವರಿಗೆ ‘ಗ್ರೇ ನೋಮ್ಯಾಡ್’ ಎಂದು ಹೆಸರು. ನಾರುಮಡಿಯ ಜಾಗದಲ್ಲಿ ಖಾಕಿ ಚಡ್ಡಿ, ಕಮಂಡಲದ ಜಾಗದಲ್ಲಿ ಫ್ರಿಜ್ಜು. ಹಾಗಂತ ವೈರಾಗ್ಯವೇ ಇಲ್ಲ ಅನ್ನುವಂತಿಲ್ಲ. ‘ಮಕ್ಕಳಿಗೆ ಸೇರಬೇಕಾದ ಆಸ್ತಿ ಖರ್ಚು ಮಾಡುತ್ತಿದ್ದೇವೆ’ ಎಂಬ ಸ್ಟಿಕ್ಕರನ್ನು ಕ್ಯಾರವಾನಿನ ಬೆನ್ನಿಗೆ ಅಂಟಿಸಿಕೊಂಡೇ ತಿರುಗುವವರಿದ್ದಾರೆ.

ಇವರನ್ನು ಕಾಣಬೇಕಾದರೆ ನಲ್ಲರ್ಬಾರ್ ಬಯಲಿಗೆ ಹೋಗಬೇಕು. ಸೆಡೂನಾದಿಂದ ನಾರ್ಸ್‌ಮನ್‌ವರೆಗೆ ಸುಮಾರು 1,200 ಕಿಲೋಮೀಟರ್ ಐರ್ ಹೆದ್ದಾರಿ, ಅದರಲ್ಲಿ 146.6 ಕಿಲೋಮೀಟರ್ ಒಂದೇ ಒಂದು ತಿರುವೂ ಇಲ್ಲ. ಯಜಮಾನರ ಕಣ್ಣು ಡೀಸೆಲ್ ಮುಳ್ಳಿನ ಮೇಲೆ, ಯಜಮಾನತಿಯ ಕಣ್ಣು ಪೊದೆಗಳ ಮೇಲೆ. ಆಕೆಯ ತೊಡೆಯ ಮೇಲೆ ಪ್ರಾಣಿ ಪಕ್ಷಿಗಳ ಪುಸ್ತಕ, ಕೊರಳಲ್ಲಿ ದುರ್ಬೀನು, ಕೈಯಲ್ಲಿ ಕಂಡದ್ದನ್ನು ಬರೆದಿಡುವ ನೋಟ್‌ಬುಕ್.

“ಅಗೋ, ಎಮು!”

“ಎಲ್ಲಿ?”

“ಆಗಲೇ ಹಿಂದೆ ಹೋಯ್ತು.”

ಹಿಂದೆ ಅಷ್ಟು ಭಾರ ಇರುವಾಗ ಬ್ರೇಕ್ ತುಳಿದ ಜಾಗದಲ್ಲಿ ಗಾಡಿ ನಿಲ್ಲುವುದಿಲ್ಲ. ಅದು ನಿಲ್ಲುವ ಹೊತ್ತಿಗೆ ಎಮು ಇನ್ನೊಂದು ತಾಲ್ಲೂಕಿನಲ್ಲಿರುತ್ತದೆ. ಆದ್ದರಿಂದ ಯಜಮಾನರು ನೋಡಿದ್ದಕ್ಕಿಂತ ನಂಬಿದ್ದೇ ಹೆಚ್ಚು. ಅವರೇ ಮೊದಲು ಕಂಡು ಕೂಗಿದ ಹಾವುಗಳು ಹತ್ತಿರ ಹೋದಾಗ ಲಾರಿ ಟೈರಿನ ಚೂರುಗಳಾಗುತ್ತವೆ. ಒಂಟೆ, ವಾಂಬ್ಯಾಟ್, ಕಾಂಗರೂ ಮೂರೂ ಇರುವ ಹಳದಿ ಎಚ್ಚರಿಕೆ ಫಲಕದ ಮುಂದೆ ಮಾತ್ರ ಇಬ್ಬರೂ ಇಳಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಾಡದೆ ನಿಂತ ಒಂಟೆ, ವಾಂಬ್ಯಾಟ್, ಕಾಂಗರೂ ಅಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ.

ಇವರ ಗಾಡಿಗೆ ಕಾದು ಕೂರುವಷ್ಟು ವ್ಯವಧಾನವಿರುವ ಪ್ರಾಣಿ ಒಂದೇ, ಸ್ಲೀಪಿ ಲಿಜರ್ಡ್. ಮುಂಗೈ ಉದ್ದದ ಹಲ್ಲಿ. ಮೈತುಂಬಾ ಒರಟು ಹುರುಪೆ, ಬಾಲವೂ ತಲೆಯ ಹಾಗೇ ಮೊಂಡು. ವಸಂತದಲ್ಲಿ ಬಿಸಿಲು ಕಾಯಲು ರಸ್ತೆ ನಡುವೆಯೇ ಒರಗುತ್ತದೆ. ಹತ್ತಿರ ಹೋದರೆ ನೀಲಿ ನಾಲಿಗೆ ಚಾಚಿ ಹೆದರಿಸುತ್ತದೆಯೇ ಹೊರತು ಜಾಗ ಬಿಡುವುದಿಲ್ಲ. ಯಜಮಾನತಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಪುಸ್ತಕ ಓದಿ ಹೇಳುತ್ತಾಳೆ: ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಮೈಕೆಲ್ ಬುಲ್ 1982ರಿಂದ ವರ್ಷಗಟ್ಟಲೆ ಇವುಗಳ ಬೆನ್ನು ಹತ್ತಿದ್ದರು. ಪ್ರತಿ ವಸಂತದಲ್ಲೂ ಅದೇ ಗಂಡು ಅದೇ ಹೆಣ್ಣನ್ನು ಹುಡುಕಿಕೊಂಡು ಬರುತ್ತದೆ. ಇಪ್ಪತ್ತು ವರ್ಷ ಹೀಗೆ ಕೂಡಿ ಬಾಳಿದ ಜೋಡಿಗಳೂ ಇವೆ.

ಯಜಮಾನರ ಮುಖ ಅರಳುತ್ತದೆ. “ನಮ್ಮ ಹಾಗೆ!”

“ಪೂರ್ತಿ ಕೇಳು. ವರ್ಷಕ್ಕೆ ಕೆಲವು ವಾರ ಮಾತ್ರ ಜೊತೆ. ಉಳಿದ ದಿನ ಅದರ ದಾರಿ ಅದಕ್ಕೆ, ಇದರ ದಾರಿ ಇದಕ್ಕೆ.”

ಆರು ಮೀಟರ್ ಡಬ್ಬದೊಳಗೆ ತಿಂಗಳುಗಟ್ಟಲೆ ಒಬ್ಬರ ಗೊರಕೆ ಇನ್ನೊಬ್ಬರು ಕೇಳಿಕೊಂಡು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಲ್ಲಿಯನ್ನು ಮೆಲ್ಲಗೆ ರಸ್ತೆಯಾಚೆ ದಾಟಿಸಿ ಇಬ್ಬರೂ ಗಾಡಿ ಹತ್ತುತ್ತಾರೆ. ಮುಂದಿನ ರೋಡ್‌ಹೌಸ್ ಬರುವತನಕ ಮಾತಿಲ್ಲ.

ಗಡಿಯದು ಬೇರೆಯೇ ಫಜೀತಿ. ಪಶ್ಚಿಮ ಆಸ್ಟ್ರೇಲಿಯಾದೊಳಗೆ ಹಣ್ಣು, ತರಕಾರಿ, ಜೇನುತುಪ್ಪ ಒಯ್ಯುವಂತಿಲ್ಲ. ಬಾರ್ಡರ್ ವಿಲೇಜ್‌ನಲ್ಲಿ ಗಾಡಿ ತಪಾಸಣೆ ಮಾಡಿ ಕಿತ್ತುಕೊಳ್ಳುತ್ತಾರೆ. ದುಡ್ಡು ಕೊಟ್ಟು ತಂದದ್ದನ್ನು ಸರ್ಕಾರಕ್ಕೆ ಒಪ್ಪಿಸುವುದುಂಟೇ? ಗಡಿಗೆ ಮುಂಚಿನ ತಂಗುದಾಣದಲ್ಲಿ ಗಾಡಿ ನಿಲ್ಲಿಸಿ ಬಾಳೆಹಣ್ಣು, ಸೇಬು, ಅರ್ಧ ಕಲ್ಲಂಗಡಿ ಎಲ್ಲವನ್ನೂ ಇಬ್ಬರೇ ಮುಗಿಸುತ್ತಾರೆ. ಜೇನಿನ ಬಾಟಲಿಗೆ ಚಮಚ ಹಾಕಿ ಕೆರೆಯುವ ಪಾಳಿ ಯಜಮಾನರದು.

ಇಷ್ಟು ಜಿಪುಣ ಮನುಷ್ಯ ಒಂದು ಕಡೆ ಮಾತ್ರ ಹೇಳಿಸಿಕೊಳ್ಳದೆ ಬ್ರೇಕ್ ಹಾಕುತ್ತಾನೆ. ರಾತ್ರಿ ಲಾರಿಗೆ ಸಿಕ್ಕ ಕಾಂಗರೂ ಅಂಚಿನಲ್ಲಿ ಬಿದ್ದಿದ್ದರೆ ಕೈಗವಸು ತೊಟ್ಟು ಇಳಿದು ಅದರ ಚೀಲದೊಳಗೆ ಮರಿ ಇದೆಯೇ ಎಂದು ನೋಡುತ್ತಾನೆ. ತಾಯಿ ಸತ್ತರೂ ಮರಿ ಒಳಗೆ ಬದುಕಿರುವುದುಂಟು. ಇಲ್ಲದಿದ್ದರೆ, ಹಿಂದೆ ಬರುವವರು ಮತ್ತೆ ನಿಲ್ಲದಿರಲಿ ಎಂದು ಕಳೇಬರದ ಮೇಲೆ ಬಣ್ಣದ ಗುರುತು ಎಳೆಯುತ್ತಾನೆ. ಆ ಸ್ಪ್ರೇ ಡಬ್ಬಿಯ ಖರ್ಚು ಮಾತ್ರ ಅವನ ಲೆಕ್ಕದ ಪುಸ್ತಕದಲ್ಲಿ ಇರುವುದಿಲ್ಲ.

ಸಂಜೆ ಐದಕ್ಕೆ ಕ್ಯಾರವಾನ್ ಪಾರ್ಕ್. ಮೊದಲೇ ಬಂದವರು ಮಡಚು ಕುರ್ಚಿ ಹಾಕಿ, ಗ್ಲಾಸು ಹಿಡಿದು ಕೂತಿರುತ್ತಾರೆ. ನಿಜವಾದ ವನ್ಯಜೀವಿ ವೀಕ್ಷಣೆ ಶುರುವಾಗುವುದು ಆಗ. ಹೊಸಬರು ಕ್ಯಾರವಾನನ್ನು ಹಿಮ್ಮುಖವಾಗಿ ಜಾಗಕ್ಕೆ ಸೇರಿಸಬೇಕು. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಡಬ್ಬ ಬಲಕ್ಕೆ ಹೋಗುತ್ತದೆ. ಹಿಂದೆ ನಿಂತ ಯಜಮಾನತಿ ಎರಡೂ ಕೈ ಬೀಸುತ್ತಾಳೆ.

“ಬಲಕ್ಕೆ!”

“ಯಾರ ಬಲಕ್ಕೆ?”

ಇಡೀ ಪಾರ್ಕು ಉಸಿರು ಬಿಗಿಹಿಡಿದು ನೋಡುತ್ತದೆ. ದುರ್ಬೀನು ಬೇಕಿಲ್ಲ, ಪುಸ್ತಕ ಬೇಕಿಲ್ಲ, ಪ್ರಾಣಿ ಓಡಿಹೋಗುವ ಭಯವೂ ಇಲ್ಲ. ನನ್ನನ್ನು ಕೇಳಿದರೆ ನಲ್ಲರ್ಬಾರಿನಲ್ಲಿ ನೋಡಲೇಬೇಕಾದದ್ದು ಇದೇ. ಹೆಡ್ ಆಫ್ ಬೈಟ್ ಕಡಲತೀರದ ತಿಮಿಂಗಿಲ ಆಮೇಲೆ.

ನೀವೂ ಆ ಕಡೆ ಹೋಗುವಿರಾದರೆ ಹೊತ್ತು ಮುಳುಗಿದ ಮೇಲೆ ಗಾಡಿ ಓಡಿಸಬೇಡಿ, ಅದು ಕಾಂಗರೂಗಳ ವೇಳೆ. ಎದುರಿಗೆ ಕ್ಯಾರವಾನ್ ಬಂದರೆ ಸ್ಟೀರಿಂಗ್ ಬಿಡದೆ ಒಂದು ಬೆರಳು ಎತ್ತಿ, ಅಲ್ಲಿಯ ನಮಸ್ಕಾರ ಅಷ್ಟೆ. ತೋರುಬೆರಳನ್ನೇ ಎತ್ತಿ, ಪಕ್ಕದ್ದು ಬೇಡ.