ಬರ್ಫದ ವಹಿ

ಬರ್ಫ ಎದುರಿಗೆ ಬಂದು ನಿಂತರೆ ಗುರುತು ಹಿಡಿಯುವ ಖಾತ್ರಿ ನನಗಿಲ್ಲ. ಜಹೀರಾಬಾದಿನಲ್ಲಿ ನಾನು ಕಂಡ ಬರ್ಫವೆಂದರೆ ಕಬ್ಬಿನ ಹಾಲಿನ ಗಾಡಿಯವನು ಗೋಣಿಚೀಲದಲ್ಲಿ ಸುತ್ತಿ ಬಡಿದು ಪುಡಿ ಮಾಡುವ ಗಡ್ಡೆ, ಅಷ್ಟೇ. ಆದರೆ ಜನ ಬರ್ಫದಲ್ಲಿ ಜಾರಲು ಹೋಗುವ ಗುಲ್ಮರ್ಗಿಗೂ ಔಲಿಗೂ ಏನು ವ್ಯತ್ಯಾಸ ಎಂದು ನಡುರಾತ್ರಿ ಎಬ್ಬಿಸಿ ಕೇಳಿ, ಹಾಸಿಗೆಯಲ್ಲೇ ಕೂತು ಹೇಳುತ್ತೇನೆ. ನಾಲ್ಕು ವರ್ಷದಿಂದ ಅದನ್ನೇ ಓದುತ್ತಿದ್ದೇನೆ. ಈ ಶ್ರದ್ಧೆ ಹತ್ತನೇ ಇಯತ್ತೆಯಲ್ಲಿದ್ದಿದ್ದರೆ ನನ್ನ ದಾರಿಯೇ ಬೇರೆಯಾಗುತ್ತಿತ್ತು ಎಂದು ಹೆಂಡತಿ ಹೇಳುತ್ತಿರುತ್ತಾಳೆ.

ಇದಕ್ಕೆಂದೇ ಕೆಂಪು ರಟ್ಟಿನ ಉದ್ದನೆಯ ವಹಿಯೊಂದನ್ನು ತಂದು, ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಗುಲ್ಮರ್ಗ್, ಬಲಕ್ಕೆ ಔಲಿ ಎಂದು ಬರೆದಿದ್ದೇನೆ. ಈ ಸಲ ಎಳ್ಳಮಾಸಿಗೆ ನಾರಾಯಣಖೇಡದ ಅಕ್ಕನ ಹೊಲಕ್ಕೆ ಹೋದಾಗ ವಹಿಯೂ ಜೊತೆಗೆ ಬಂತು. ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಭಜ್ಜಿ ಉಂಡು, ಅಂಬಲಿ ಕುಡಿದು ಎಲ್ಲರೂ ಮರದ ನೆರಳಿಗೆ ಒರಗಿದ ಹೊತ್ತು. ಅವ್ವ, ಅಕ್ಕ, ತಾಂಡೂರಿನ ನನ್ನ ಷಡ್ಡಕ, ಯಾರೂ ಎದ್ದು ಓಡುವ ಸ್ಥಿತಿಯಲ್ಲಿರಲಿಲ್ಲ. ವಹಿ ತೆಗೆದೆ.

"ಗುಲ್ಮರ್ಗಿಗೆ ಹೈದರಾಬಾದಿನಾಗ ವಿಮಾನ ಹತ್ತಿ ಶ್ರೀನಗರಕ್ಕ ಇಳಿದ್ರ ಅಲ್ಲಿಂದ ಬರೇ 50 ಕಿಲೋಮೀಟರ್. ಅಲ್ಲಿ ಗೊಂಡೋಲಾ ಅದ. ತಂತಿ ಮ್ಯಾಲ ಹೋಗೋ ಡಬ್ಬಿ. ಮೊದಲನೇ ಹಂತ ಕಾಂಗ್ಡೂರಿತನಕ, ಎರಡನೇದು ಅಫರ್ವತ್ ಗುಡ್ಡಕ್ಕ. ಸುಮಾರು 13,000 ಅಡಿ! ನಮ್ಮ ಜಹೀರಾಬಾದ್ 2,000 ಅಡಿ ಮ್ಯಾಲದ. ಅಂದ್ರ ಆರೂವರೆ ಜಹೀರಾಬಾದ್ ಒಂದರ ಮ್ಯಾಲೊಂದು ಪೇರಿಸಿದಂಗ."

"ಒಂದು ಜಹೀರಾಬಾದಿನ ಟ್ರಾಫಿಕ್ಕೇ ಸಾಕಾಗ್ಯದ," ಎಂದ ಷಡ್ಡಕ, ಕಣ್ಣು ತೆರೆಯದೆ.

ಅವ್ವನ ಪ್ರಶ್ನೆ ಬೇರೆ. "ಗುಲ್ಮಾರ್ಗ ಅಂದ್ರ ಯಾವ ಊರಿನ ಮಾರ್ಗ?" ಗುಲ್ ಅಂದರೆ ಹೂವು, ಮರ್ಗ್ ಅಂದರೆ ಅಲ್ಲಿಯವರ ಮಾತಿನಲ್ಲಿ ಹುಲ್ಲುಗಾವಲು ಎಂದು ತಿಳಿಸಿದೆ. ಅವ್ವನನ್ನು ಒಲಿಸಿಕೊಳ್ಳಲು ಒಂದು ಬಾಣ ಇಟ್ಟುಕೊಂಡಿದ್ದೆ. ಅದನ್ನೂ ಬಿಟ್ಟೆ. "ಹಳೇ ಹೆಸರು ಗೌರೀಮರ್ಗ್ ಅಂತ. ಹದಿನಾರನೇ ಶತಮಾನದಾಗ ಯೂಸುಫ್ ಶಾ ಚಕ್ ಅನ್ನೋ ಸುಲ್ತಾನ ಗುಲ್ಮರ್ಗ್ ಅಂತ ಬದಲಿ ಮಾಡ್ದ."

"ಗೌರಿ ಹೆಸರಿದ್ದಲ್ಲಿ ಯಾಕ ಹೋಗೂದು? ಗೌರಿ ಗಂಡ ಇದ್ದಲ್ಲಿ ಹೋಗಮು. ಅಕಿನೂ ಅಲ್ಲೇ ಇರ್ತಾಳ."

ಅವ್ವನ ಮತ ಔಲಿಗೆ ಬಿತ್ತು. ಔಲಿ ಇರುವ ಸೀಮೆಯಲ್ಲೇ ಕೇದಾರವೂ ಇದೆ ಎಂದು ನಾನೇ ಹಿಂದೊಮ್ಮೆ ಬಾಯಿಬಿಟ್ಟಿದ್ದೆ. ಕೇದಾರದ ರಾವಲರು ಕರ್ನಾಟಕದ ವೀರಶೈವರು. ಊಖಿಮಠ ಪಂಚಪೀಠಗಳಲ್ಲೊಂದು. ಅವ್ವನ ಲೆಕ್ಕದಲ್ಲಿ ಅದು ಝರಾಸಂಗಮದ ಕೇತಕಿ ಸಂಗಮೇಶ್ವರನಿಗಿಂತ ನಾಲ್ಕು ಹೆಜ್ಜೆ ಮುಂದೆ, ಅಷ್ಟೇ. ರುದ್ರಪ್ರಯಾಗದಲ್ಲಿ ದಾರಿ ಕವಲೊಡೆಯುತ್ತದೆ, ಎಡಕ್ಕೆ ಮಂದಾಕಿನಿಯ ಗುಂಟ ಹೋದರೆ ಕೇದಾರ, ಅಲಕನಂದೆಯ ಗುಂಟ ಹೋದರೆ ಜೋಶಿಮಠ, ಅದರ ಮೇಲೆ ಔಲಿ ಎಂದೆ. ಚಳಿಗಾಲದಲ್ಲಿ ಕೇದಾರದ ಬಾಗಿಲು ಹಾಕಿರುತ್ತದೆ, ಉತ್ಸವಮೂರ್ತಿಯನ್ನು ಊಖಿಮಠಕ್ಕೆ ಇಳಿಸಿರುತ್ತಾರೆ ಎಂಬುದನ್ನೂ ಸೇರಿಸಿದೆ. ಅಲ್ಲೇ ಎಡವಿದೆ.

"ಥಂಡಿಗಿ ಅಂಜಿ ದೇವರೇ ಕೆಳಗ ಇಳದಾನ. ನೀ ಅದೇ ಥಂಡ್ಯಾಗ ಮ್ಯಾಲ ಹೊಂಟೀದಿ!"

ಔಲಿಯ ಪಕ್ಷವನ್ನೂ ನಾನೇ ವಹಿಸಬೇಕಾಯಿತು. ಇಳಿಜಾರು ಹೊಸಬರಿಗೆ ಅನುಕೂಲ, ಗಢವಾಲ ಮಂಡಲ ನಿಗಮದವರು ಏಳು ದಿನ, ಹದಿನಾಲ್ಕು ದಿನ ಸ್ಕೀಯಿಂಗ್ ಪಾಠ ಹೇಳುತ್ತಾರೆ, ಎದುರಿಗೆ 7,816 ಮೀಟರಿನ ನಂದಾದೇವಿ. ಬಲಗಡೆಯ ಪುಟದಲ್ಲಿ ಕೆಂಪು ಶಾಯಿಯ ಸಾಲುಗಳೂ ಇದ್ದವು. ಋಷಿಕೇಶದಿಂದ ಘಟ್ಟದ ದಾರಿಯಲ್ಲಿ ಹತ್ತು ತಾಸು. ಜೋಶಿಮಠದಿಂದ ನಾಲ್ಕು ಕಿಲೋಮೀಟರ್ ಏರುವ ರೋಪ್‌ವೇ, 2023ರ ಜನವರಿಯಲ್ಲಿ ಊರಿನ ಗೋಡೆಗಳೇ ಬಿರುಕು ಬಿಟ್ಟಾಗ ನಿಂತಿತು.

"ಬರ್ಫರೆ ಖಾತ್ರಿ ಬೀಳ್ತದೇನು?" ಅಕ್ಕ ಕೇಳಿದಳು. ಒಕ್ಕಲುತನದವರು ಕೇಳುವ ಪ್ರಶ್ನೆ. ನಾಲ್ಕು ವರ್ಷದಲ್ಲಿ ನಾನು ವಹಿಯಲ್ಲಿ ಬರೆಯದೇ ಬಿಟ್ಟ ಸಾಲು ಅದೊಂದೇ. 2023ರ ಫೆಬ್ರುವರಿಯಲ್ಲಿ ಬರ್ಫವಿಲ್ಲದೆ ಔಲಿಯ ಸ್ಪರ್ಧೆಗಳು ರದ್ದಾದವು. ಅಲ್ಲಿ ಬರ್ಫ ಮಾಡುವ ಯಂತ್ರಗಳೇ ಇದ್ದವು, 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗಳಿಗೆಂದು ತಂದವು. 2024ರ ಜನವರಿಯಲ್ಲಿ ಗುಲ್ಮರ್ಗ್ ಒಣಹುಲ್ಲು ತೋರಿಸಿಕೊಂಡು ಕೂತಿತ್ತು. 2025ರಲ್ಲಿ ಅಲ್ಲಿನ ಖೇಲೋ ಇಂಡಿಯಾ ಆಟಗಳನ್ನು ಫೆಬ್ರುವರಿಯಿಂದ ಮಾರ್ಚಿಗೆ ತಳ್ಳಿದರು. ಆ ಬರ್ಫ ತರುವುದು ಪಶ್ಚಿಮದ ಸಮುದ್ರದ ಕಡೆಯಿಂದ ಬರುವ ಗಾಳಿ. ಅದು ದಾರಿ ತಪ್ಪಿದರೆ ಎಲ್ಲರೂ ಆಕಾಶ ನೋಡುವುದೇ.

"ಹಂಗಾರ ಅವರೂ ನಮ್ಮಂಗೇ," ಎಂದಳು ಅಕ್ಕ. ಪಾಪ ಎನ್ನುವ ದನಿ. "ನಮಗ ಮಳಿ ಕೈ ಕೊಡ್ತದ, ಅವರಿಗಿ ಬರ್ಫ."

ಷಡ್ಡಕನಿಗೆ ಈಗ ಎಚ್ಚರವಾಯಿತು. "ಅಣ್ಣಾ, ಥಂಡಿ ಬೇಕಂದ್ರ ಕೊಹೀರಿಗಿ ಹೋಗ್ರಿ. ಪ್ಯಾಪರಿನಾಗ ದಿನಾ ಬರ್ತದ, ಇಡೀ ತೆಲಂಗಾಣಕ್ಕ ಥಂಡಿ ಊರು ಅಂತ. ಬರ್ಫ ಬೇಕಂದ್ರ ನಮ್ಮ ತಾಂಡೂರಿಗಿ ಬರ್ರಿ."

ಅವನದು ಪರಸಿ ಪಾಲಿಶ್ ಮಾಡುವ ಕಸುಬು. ಕಲ್ಲು ಉಜ್ಜಿದ ನೀರು ಹೊರಗೆ ಹರಿದು, ಕೆಸರು ಒಣಗಿ, ಬೆಳ್ಳಗೆ ಗುಡ್ಡೆಗುಡ್ಡೆಯಾಗಿ ಬಿದ್ದಿರುತ್ತದೆ. ಹೋದ ತಿಂಗಳು ನನ್ನ ಮಗ ಅಲ್ಲಿ ಯೂರಿಯಾ ಚೀಲದ ಮೇಲೆ ಕೂತು ಗುಡ್ಡೆಯ ತುದಿಯಿಂದ ಜಾರಿದ. ಕೆಳಗೆ ಬಂದು ಮುಟ್ಟಿದ್ದು ಹುಡುಗನಲ್ಲ, ಹಲ್ಲು ಕಾಣುವ ಹಿಟ್ಟಿನ ಗೊಂಬೆ. ಎರಡು ದಿನ ಕೆಮ್ಮಿದ. ಮೂರು ಸಲ ಎರೆದರೂ ಕಿವಿಯ ಸಂದಿ ಬೆಳ್ಳಗೇ ಇತ್ತು. "ಬರ್ಫಾಗಿದ್ರ ಕರಗರೆ ಕರಗ್ತಿತ್ತು," ಎಂದಿದ್ದಳು ಅವ್ವ, ಬೆನ್ನು ತಿಕ್ಕುತ್ತಾ.

"ಅದೆಲ್ಲಾ ಇರ್ಲಿ, ಯಾವಾಗ ಹೋಗೂದು?" ಅಕ್ಕ ಮುಖ್ಯ ವಿಷಯಕ್ಕೆ ಬಂದಳು. ಬರ್ಫದ ಕಾಲ ಜನವರಿ, ಫೆಬ್ರುವರಿ ಎಂದೆ. ಅವಳು ಮಾತಾಡಲಿಲ್ಲ. ಹೊಲದ ಕಡೆ ಕೈ ಮಾಡಿದಳು. ತೊಗರಿ ಕಾಯಿ ಒಣಗಿ ಗಾಳಿಗೆ ಗಲಗಲ ಅನ್ನುತ್ತಿತ್ತು. ಕೊಯ್ಲು, ರಾಶಿ, ತಾಂಡೂರಿನ ಪೇಟೆ, ಎಲ್ಲ ಅದೇ ದಿನಗಳಲ್ಲಿ. ತಾಂಡೂರು ತೊಗರಿಗೆ 2022ರಲ್ಲಿ ಜಿಐ ಮಾನ್ಯತೆ ಬಂದ ಮೇಲಂತೂ ಅಕ್ಕನ ತೊಗರಿಯ ಗತ್ತೇ ಬೇರೆ. ಅದನ್ನು ಹೊಲದಲ್ಲಿ ಬಿಟ್ಟು ಬರ್ಫದಲ್ಲಿ ಜಾರಲು ಹೋದೆವು ಅಂದರೆ ಊರು ನಗುತ್ತದೆ.

ವಹಿ ಅಲ್ಲೇ ಮರೆತು ಬಂದಿದ್ದೆ. ರಾಶಿ ಮುಗಿದ ಮೇಲೆ ಅಕ್ಕ ಕಳಿಸಿಕೊಟ್ಟಳು, ಜೊತೆಗೆ ಒಂದು ಚೀಲ ಬ್ಯಾಳಿ. ಹೊಲದಲ್ಲಿ ಲೆಕ್ಕ ಬರೆಯಲು ಬೇರೆ ಹಾಳೆ ಸಿಕ್ಕಿರಲಿಲ್ಲವಂತೆ. ನಾನು ಎಳೆದ ಗೆರೆ ತಯಾರಾಗೇ ಇತ್ತಲ್ಲ. ಮೇಲಿನ ಹೊಲ ಎಡಕ್ಕೆ, ಹಳ್ಳದ ಹೊಲ ಬಲಕ್ಕೆ. ಗುಲ್ಮರ್ಗಿನ ಕೆಳಗೆ 27 ಚೀಲ. ಔಲಿಯ ಕೆಳಗೆ 31.

ಈ ವರ್ಷ ಔಲಿಯೇ ಮೇಲು ಎಂದು ತೀರ್ಮಾನವಾಗಿದೆ.