ರಟ್ಟುಮೀಮಾಂಸೆ: ಬೆಳಗಲಿ ಸೀಮೆಯ ಬಾಲವಾಚಕರನ್ನು ಕುರಿತ ಅಪೂರ್ಣ ಮಹಾಪ್ರಬಂಧ

ರಸ, ಧ್ವನಿ, ಔಚಿತ್ಯಗಳ ಮೇಲೆ ನಮ್ಮ ಹಿರಿಯರು ಬರೆದಿಟ್ಟದ್ದಕ್ಕೆ ಲೆಕ್ಕವಿಲ್ಲ. ಪುಸ್ತಕದ ರಟ್ಟಿನ ವಿಷಯದಲ್ಲಿ ಮಾತ್ರ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ. ರಟ್ಟಿನ ಚಿತ್ರಕ್ಕೂ ಮಕ್ಕಳ ಓದುವ ಆಸೆಗೂ ಏನು ನಂಟು ಎಂದು ಶೋಧಿಸಲು ಪ್ರಸ್ತುತ ಪ್ರಬಂಧವು ಮುಧೋಳ ತಾಲ್ಲೂಕಿನ ರನ್ನ ಬೆಳಗಲಿಯನ್ನು ಕ್ಷೇತ್ರವಾಗಿ ಆರಿಸಿಕೊಂಡಿದೆ. ಊರ ಹೆಸರಿಗಿಂತ ಮೊದಲು ಲೇಖಕನ ಹೆಸರು ಹಾಕಿಸಿಕೊಂಡ ಊರು ಬೇರೆಲ್ಲಿ ಸಿಕ್ಕೀತು?

ಚಿತ್ರವಿಲ್ಲದ ಪುಸ್ತಕವನ್ನು ಮಗು ಮುಟ್ಟದು ಎಂಬುದು ಪೂರ್ವಪಕ್ಷ. ಹಾಗಾದರೆ ಹತ್ತನೆಯ ಶತಮಾನದ ಮಕ್ಕಳ ಗತಿಯೇನು? ಪುಸ್ತಕವೆಂದರೆ ಆಗ ಓಲೆಗರಿಯ ಕಟ್ಟು, ಮೇಲೊಂದು ಕೆಳಗೊಂದು ಹಲಗೆ, ಬಿಗಿಯಲು ದಾರ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಆಕೆಯನ್ನು ಕೊಂಡಾಡುವ 1007ರ ಲಕ್ಕುಂಡಿ ಶಾಸನದಲ್ಲಿ ರಟ್ಟಿನ ಕಲಾವಿದನ ಸುದ್ದಿಯೇ ಇಲ್ಲ. ಬಳೆಗಾರರ ಮನೆಯಲ್ಲಿ ಜಿನವಲ್ಲಭ, ಅಬ್ಬಲಬ್ಬೆಯರ ಮಗನಾಗಿ ಹುಟ್ಟಿದ ರನ್ನ, ಬಣ್ಣ ಬೇಕೆನಿಸಿದಾಗ ಮನೆಯ ಮಲಾರ ಬಿಚ್ಚಿ ನೋಡುತ್ತಿದ್ದನೆಂದು ನಮ್ಮ ಊಹೆ. ಇದಕ್ಕೆ ಆಧಾರ ಕೇಳುವುದು ಸಹೃದಯರ ಲಕ್ಷಣವಲ್ಲ. ಪ್ರಕಾಶಕರ ಹೆಸರನ್ನು ರಟ್ಟಿನ ಮೇಲೆ ಹಾಕುವುದು ಲೋಕರೂಢಿ; ರಟ್ಟಿಲ್ಲದ ಕಾಲದ ರನ್ನ, ತನ್ನನ್ನು ಪೊರೆದ ಚಾವುಂಡರಾಯ ಮತ್ತು ಅತ್ತಿಮಬ್ಬೆಯರ ಹೆಸರನ್ನು ಮಕ್ಕಳ ಮೇಲೆಯೇ ಹಾಕಿದ. ಮಗ ರಾಯ, ಮಗಳು ಅತ್ತಿಮಬ್ಬೆ.

1949ರಲ್ಲಿ ಕನ್ನಡ ಚಂದಮಾಮ ಹೊರಟ ಮೇಲೆ ವಾದ ಮಗ್ಗುಲು ಬದಲಿಸಿತು. ಎಂ.ಟಿ.ವಿ. ಆಚಾರ್ಯರು ಮುಖಪುಟಕ್ಕೆ ಬರೆದ ಮಹಾಭಾರತದ ಚಿತ್ರಗಳಲ್ಲಿ ಭೀಮನ ತೋಳು ನೋಡಿದ ಹುಡುಗರು ಒಳಗಿನ ಕಥೆಯನ್ನು ಪುರುಸೊತ್ತಾದಾಗ ಓದಿದರು. ಇಲ್ಲಿಗೆ ಚಿತ್ರಪಕ್ಷ ಗೆದ್ದಂತಾಯಿತಲ್ಲ?

ಇಲ್ಲ. ನಮ್ಮ ಸೀಮೆಯ ಒಂದು ಮಹಾಸಂಸ್ಕಾರವನ್ನು ಉಭಯ ಪಕ್ಷದವರೂ ಮರೆತಿದ್ದಾರೆ. ಅದು ಪುಸ್ತಕಕ್ಕೆ ರಟ್ಟು ಹಾಕುವುದು. ಸಾಲಿ ಸುರುವಾದದ್ದೇ ತಡ, ಕಲಾವಿದ ಕಣ್ಣು ಕೀಲಿಸಿ ಬಿಡಿಸಿದ ಮುಖಪುಟವನ್ನು ಹಡೆದವರು ಭಕ್ತಿಯಿಂದ ಮುಚ್ಚಿಬಿಡುತ್ತಾರೆ. ಉಳ್ಳವರದು ಖಾಕಿ ಕಾಗದ, ಇಲ್ಲದವರದು ಹಳೆಯ ಪೇಪರು. ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸುವವರು, ಗೊಬ್ಬರದಂಗಡಿಯಲ್ಲಿ ಉದ್ರಿ ಉಳ್ಳವರು ಹೋದ ವರ್ಷದ ಕ್ಯಾಲೆಂಡರನ್ನೇ ಕತ್ತರಿಸುತ್ತಾರೆ. ಇದರಲ್ಲಿ ಎರಡು ಸಂಪ್ರದಾಯಗಳುಂಟು. ಬಿಳಿ ಮಗ್ಗುಲು ಹೊರಗಿರಬೇಕೆನ್ನುವುದು ಹಿರಿಯರದು. ಚಿತ್ರ ಹೊರಗಿರಬೇಕೆನ್ನುವುದು ಹುಡುಗರದು. ಪ್ರಬಂಧಕಾರರಾದ ನಾವು ನಿಷ್ಪಕ್ಷಪಾತಿಗಳಾದರೂ ಹುಡುಗರ ಕಡೆಗಿದ್ದೇವೆ. ಕ್ಷೇತ್ರಕಾರ್ಯದ ಸಂಭಾಷಣೆ ಹೀಗಿದೆ:

“ತಮ್ಮಾ, ಇದ ಯಾವ ಪುಸ್ತಕೋ?”

“ಲಕ್ಷ್ಮೀದು, ಮುತ್ಯಾ.”

“ಅಂದ್ರ?”

“ಗಣಿತ. ಅದು ಎತ್ತಿಂದು, ಇಜ್ಞಾನ.”

“ಮತ್ತ ಕನ್ನಡ?”

“ಕ್ಯಾಲೆಂಡರ ಸಾಲಲಿಲ್ಲ, ಪೇಪರ ಹಾಕೇನಿ. ಅದನ್ನ ಓದಾಕತ್ತೇನಿ.”

“ಪಾಠ ಏನು?”

“ಅಲ್ಲ ಮುತ್ಯಾ, ಪೇಪರ.”

ಹೀಗೆ ಲಕ್ಷ್ಮಿ ಲೆಕ್ಕದ ಅಧಿದೇವತೆಯಾಗಿ, ಎತ್ತು ವಿಜ್ಞಾನದ ವಾಹನವಾಗಿ, ಕನ್ನಡದ ಮೇಲೆ ಅರ್ಧಕ್ಕೆ ಕತ್ತರಿಸಿದ ಸಿನಿಮಾ ಸುದ್ದಿಯೊಂದು ಆ ಹುಡುಗನಿಗೆ ವರ್ಷವಿಡೀ ಓದುವ ಆಸೆ ಹುಟ್ಟಿಸಿದೆ. ಸುದ್ದಿಯ ಉಳಿದರ್ಧ ಬೆಂಚಿನ ಗೆಳೆಯನ ಸಮಾಜ ಪುಸ್ತಕದ ಮೇಲಿರುವುದರಿಂದ ಇಬ್ಬರೂ ಕೂಡಿ ಓದುತ್ತಾರೆ. ಮಳೆಗಾಲ ಮುಗಿಯುವಷ್ಟರಲ್ಲಿ ರಟ್ಟು ಮೂಲೆಯಲ್ಲಿ ಹರಿದು, ಒಳಗಿನ ಮುಖಪುಟದ ಒಂದು ಕಾಲೋ ಬಾಲವೋ ಇಣುಕುತ್ತದೆ. ಆಗ ಉಗುರು ಹಾಕಿ ಕೀಳದ ಮಗು ಜಮಖಂಡಿಯಿಂದ ಬೀಳಗಿಯವರೆಗೆ ಹುಡುಕಿದರೂ ಸಿಗದು. ವಾಗ್ದೇವಿಯ ಭಂಡಾರದ ಮುದ್ರೆಯನ್ನು ಒಡೆದವನು ತಾನೆಂದು ರನ್ನ ಜಂಬ ಕೊಚ್ಚಿಕೊಂಡದ್ದರ ಮೂಲ ಈ ಉಗುರಿನಲ್ಲಿಯೇ ಇದೆ.

ಇನ್ನು ಆತನ ಗದಾಯುದ್ಧವನ್ನೇ ಮಕ್ಕಳಿಗಾಗಿ ಅಚ್ಚುಹಾಕಿಸಿದರೆ ರಟ್ಟಿನ ಮೇಲೆ ಏನಿರಬೇಕು? ಗದೆಯೆಂದರೆ ಹಳಸಲು. ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂತ ದುರ್ಯೋಧನ ಭೀಮನ ಗರ್ಜನೆ ಕೇಳಿ ನೀರೊಳಗೇ ಬೆವರಿದ ಸಂದರ್ಭ ಉತ್ತಮ. ಆದರೆ ನೀರಿನಲ್ಲಿ ಬೆವರನ್ನು ಬೇರೆ ಮಾಡಿ ತೋರಿಸುವ ಕುಂಚ ಇನ್ನೂ ತಯಾರಾಗಿಲ್ಲ. ಆದ್ದರಿಂದ ನಮ್ಮ ಶಿಫಾರಸು ಮುಧೋಳ ನಾಯಿ. 2005ರಲ್ಲಿ ಐದು ರೂಪಾಯಿಯ ಅಂಚೆಚೀಟಿಯ ಮೇಲೆಯೇ ನಿಂತುಬಂದ ಪ್ರಾಣಿಗೆ ರಟ್ಟು ಯಾವ ಲೆಕ್ಕ? ಭಾರತದ ಕಥೆಯಲ್ಲಿ ನಾಯಿಗೇನು ಕೆಲಸವೆಂದು ಪಂಡಿತರು ಹುಬ್ಬು ಗಂಟಿಕ್ಕಬಹುದು. ಮಹಾಪ್ರಸ್ಥಾನದಲ್ಲಿ ಧರ್ಮರಾಯನ ಬೆನ್ನು ಹತ್ತಿ ಕೊನೆಯತನಕ ಹೋದ ನಾಯಿಯ ತಳಿ ಯಾವುದೆಂದು ವ್ಯಾಸರು ಹೇಳಿಲ್ಲ. ಅದು ಮುಧೋಳದ್ದಲ್ಲವೆಂದು ಸಾಧಿಸುವ ಭಾರ ಆಕ್ಷೇಪಿಸುವವರ ಮೇಲಿದೆ.