ಹುಳದ ಗಾಳಿ, ಆಳಿನ ಗಾಳಿ

ನಮ್ಮ ಕಾಮಗೆರೆ ಕಡೆಯ ಮನೆಗಳಲ್ಲಿ ಕಿಟಕಿ ಇಡಿಸುವುದು ತೆರೆಯುವುದಕ್ಕಲ್ಲ, ಕರ್ಟನ್ ತೂಗುಹಾಕುವುದಕ್ಕೆ. ತೆರೆದರೆ ಮಾದಪ್ಪನ ಬೆಟ್ಟದ ಬಸ್ಸುಗಳು ಎಬ್ಬಿಸಿದ ಧೂಳು ನೆಂಟರಿಗಿಂತ ಮೊದಲು ಸೋಫಾ ಹಿಡಿಯುತ್ತದೆ. ಅಂಥದ್ದರಲ್ಲಿ ಕಾರಿನ ಶೆಡ್ಡಿಗೆ ಗಾಳಿಕಿಂಡಿ ಬೇಕು ಎಂದರೆ ಮೇಸ್ತ್ರಿ ನಗದೆ ಇರುತ್ತಾನೆಯೇ?

"ಕಾರೇನು ಉಸಿರಾಡ್ತದಾ ಸಾ?"

ಆಡುತ್ತದೆ, ಅದೂ ಕೆಟ್ಟ ಉಸಿರು ಎಂದೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಯಮನಾದರೂ ಕೋಣದ ಮೇಲೆ ಬರುತ್ತಾನೆ. ಇದು ಹೇಳದೆ ಕೇಳದೆ ಬರುತ್ತದೆ. ಸಾಲದ್ದಕ್ಕೆ ಅಲ್ಲಿ ಹಳೇ ಕುರ್ಚಿಗಳಿಗೆ ಉಪ್ಪುಕಾಗದ ತಿಕ್ಕಿ ವಾರ್ನಿಷ್ ಹೊಡೆಯುವ ಕಾರ್ಖಾನೆ ತೆರೆಯುವ ಆಸೆ ನನಗೆ. ಲೆಕ್ಕವೂ ಸಿದ್ಧವಿತ್ತು. 10 ಅಡಿ ಅಗಲ, 15 ಅಡಿ ಉದ್ದ, 10 ಅಡಿ ಎತ್ತರ: 1500 ಘನ ಅಡಿ ಗಾಳಿ. ಗಂಟೆಗೆ 10 ಸಲ ಅದು ಬದಲಾಗಬೇಕಾದರೆ ನಿಮಿಷಕ್ಕೆ 250 ಘನ ಅಡಿ ಎಳೆಯುವ ಎಕ್ಸಾಸ್ಟ್ ಫ್ಯಾನ್ ಬೇಕು.

ಹೆಂಡತಿ ಲೆಕ್ಕದ ಚೀಟಿ ನೋಡಿ, "ಅಡುಗೆಮನೆಗೆ ಇದರಲ್ಲಿ ಎಷ್ಟು ಅಡಿ ಬರುತ್ತೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಗ್ಗರಣೆಯ ಹೊಗೆಯೊಳಗೆ ಮರೆಯಾದಳು.

ಚಿಕ್ಕಪ್ಪ ಬಂದ. "ಆಚೆಗೆ ತಳ್ಳಕ್ಕೆ ಫ್ಯಾನ್ ಮಡಗ್ತೀಯೆ, ಸರಿ. ಒಳಕ್ಕೆ ಎಲ್ಲಿಂದ ಬತ್ತದಲಾ ಮಗ?"

ನಮ್ಮ ಕೊಳ್ಳೇಗಾಲದ ಸೀಮೆಯಲ್ಲಿ ಗಾಳಿಯ ಮರ್ಮ ಬಲ್ಲವರು ರೇಷ್ಮೆಹುಳ ಸಾಕಿದವರು; ಚಿಕ್ಕಪ್ಪನೂ ಅವರಲ್ಲೊಬ್ಬ. ದೊಡ್ಡ ಹುಳಕ್ಕೆ 24-25 ಡಿಗ್ರಿ ಶಾಖ, ಶೇ. 70ರ ಆಸುಪಾಸು ತೇವ ಇರಬೇಕು. ಹಣ್ಣಾದ ಹುಳ ಚಂದ್ರಿಕೆಯೆಂಬ ತಟ್ಟಿ ಹತ್ತಿ ಗೂಡು ಕಟ್ಟುವ ಮೊದಲು ಉಚ್ಚೆ ಹೊಯ್ಯುತ್ತದೆ. ಆ ತೇವ ಆಚೆ ಹೋಗದಿದ್ದರೆ ನೂಲು ಸಲೀಸಾಗಿ ಬಿಚ್ಚುವುದಿಲ್ಲ, ಮಾರ್ಕೆಟ್ಟಿನಲ್ಲಿ ರೇಟು ಬೀಳುತ್ತದೆ. ಹಾಗೆಂದು ಕಿಟಕಿ ಸುಮ್ಮನೆ ತೆರೆದಿಡುವಂತೆಯೂ ಇಲ್ಲ. 1980ರಲ್ಲಿ ಬಂಗಾಳದ ಕಡೆಯಿಂದ ಹುಳ ಕೊಲ್ಲುವ ಊಜಿ ನೊಣ ಕರ್ನಾಟಕಕ್ಕೆ ಬಂದಮೇಲೆ ಕಿಟಕಿಗೆಲ್ಲ ನೈಲಾನ್ ಬಲೆ. ಇಷ್ಟು ಉಪಚಾರ ನಮ್ಮೂರಲ್ಲಿ ಯಾವ ಅಳಿಯನಿಗೂ ಸಿಕ್ಕಿಲ್ಲ.

ಚಿಕ್ಕಪ್ಪ ಊದುಬತ್ತಿ ಹಚ್ಚಿ ಶೆಡ್ಡಿನ ನಡುವೆ ನಿಂತ. ಹೊಗೆ ನೆಟ್ಟಗೆ ಮೇಲೇರಿ, ತಗಡಿಗೆ ತಾಗಿ, ಹೋಗಲು ದಾರಿ ಕಾಣದೆ ಅಲ್ಲೇ ಹರಡಿಕೊಂಡು ನಿಂತಿತು. "ನೋಡ್ಕೊ, ನಾಳೆ ನೀನೂ ಹಿಂಗೇ." ಆಷಾಢದ ಗಾಳಿ ಬರುವ ಪಡುವಣ ಗೋಡೆಯ ಬುಡದಲ್ಲಿ ಕಿಂಡಿ, ಮೂಡಣ ಗೋಡೆಯ ನೆತ್ತಿಯಲ್ಲಿ ಫ್ಯಾನು, ಕೆಳಗೊಂದು ಕಿಂಡಿ ಎಂದು ಇದ್ದಿಲಲ್ಲಿ ಗೀಚಿದ. ಕೆಳಗಿನ ಕಿಂಡಿ ಏಕೆಂದರೆ, ಪೆಟ್ರೋಲು, ಥಿನ್ನರಿನ ಆವಿ ಗಾಳಿಗಿಂತ ಭಾರ. ನೆಲ ಬಿಟ್ಟು ಏಳುವುದಿಲ್ಲ. ತಗಡಿನ ಕಾವಿಗೆ ಮೇಲೆ ತೆಂಗಿನ ಗರಿ ಹೊದಿಸು ಎಂದ. ಕಿಂಡಿಗಳಿಗೆ ಸಣ್ಣ ಕಣ್ಣಿನ ಬಲೆ ಬಡಿಸಿದಾಗಲೂ ನನಗೆ ಅನುಮಾನ ಬರಲಿಲ್ಲ.

ಕೆಲಸ ಮುಗಿದ ದಿನ ಚಿಕ್ಕಪ್ಪ ಮತ್ತೆ ಊದುಬತ್ತಿ ಹಚ್ಚಿದ. ಹೊಗೆ ವಾಲಿಕೊಂಡು ನೇರ ಫ್ಯಾನಿನತ್ತ ನಡೆಯಿತು. ಅವನ ಮುಖದಲ್ಲಿ ಮೂಡಿದ ತೃಪ್ತಿ ನನ್ನ ಕುರ್ಚಿಗಳ ಸಲುವಾಗಿ ಮೂಡಿದ್ದಲ್ಲ.

"ಈ ಸಲಕ್ಕೆ ನೂರು ಮೊಟ್ಟೆ ಇಲ್ಲೇ ಮೇಯಿಸ್ಬುಡ್ತೀನಿ ಮಗ. ಒಂದ್ ಮಾತು, ಈ ವಾರ್ನಿಷ್ ಗೀರ್ನಿಷ್ ಹತ್ರ ತರಬ್ಯಾಡ. ಹುಳಕ್ಕೆ ಆ ವಾಸನೆ ಆಗಕ್ಕಿಲ್ಲ."

ಈಗ ಕಾರು ಬೀದಿಯಲ್ಲಿದೆ, ಕುರ್ಚಿಗಳು ಬೇವಿನ ಮರದಡಿ ಇವೆ. ಅಲ್ಲಿ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಬೀಸುತ್ತದೆಂದು ಲೆಕ್ಕ ಹಾಕಲು ಕೂತರೆ, ಸೊಪ್ಪು ಹಾಕಲು ಬಾ ಎಂದು ಚಿಕ್ಕಪ್ಪ ಶೆಡ್ಡಿನಿಂದ ಕೂಗುತ್ತಾನೆ.